ಅಪ್‌ಡೇಟ್: ತೀರ್ಥಹಳ್ಳಿ ಮನೆ ಕಿಟಕಿ ಕೊನೆಗೂ ಫೈನಲ್ ಆಯ್ತು

ತೀರ್ಥಹಳ್ಳಿ ಹತ್ರ ಕಟ್ತಿರೋ ಮನೆಗೆ ಪಕ್ಕಕ್ಕೆ ಜಾರೋ ಸ್ಲೈಡಿಂಗ್ ಕಿಟಕಿ ಹಾಕ್ಸೋದಾ, ಬಾಗಿಲು ತರ ತೆಗೆಯೋ ಕೇಸ್‌ಮೆಂಟಾ, ಇಲ್ಲ ಮರದ್ದೇ ಇರ್ಲಾ ಅಂತ ಕೇಳಿದ್ನಲ್ಲ, ಸಲಹೆ ಕೊಟ್ಟೋರಿಗೆಲ್ಲ ತುಂಬಾ ಥ್ಯಾಂಕ್ಸ್. ಪಶ್ಚಿಮದ ರೂಮುಗಳಿಗೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕೇಸ್‌ಮೆಂಟೇ ಹಾಕ್ಸಿದ್ವಿ. ವರ್ಷಕ್ಕೆ 7,000 ಮಿ.ಮೀ. ಮಳೆ ದಾಟೋ ಆಗುಂಬೆ ಇಲ್ಲೇ ಪಕ್ಕ, ಮಳೆ ಗಾಳಿ ಜೊತೆ ಆ ಕಡೆಯಿಂದ್ಲೇ ಹೊಡೆಯೋದು, ಸ್ಲೈಡಿಂಗಲ್ಲಿ ಶಟರ್ (ಕಿಟಕಿ ಬಾಗಿಲು) ಜಾರ್ಬೇಕು ಅಂದ್ರೆ ಸಂದಿ ಬಿಡ್ಲೇಬೇಕು, ಅದನ್ನ ಮುಚ್ಚೋಕೆ ಅಲ್ಲಿ ಬರೀ ಬ್ರಷ್ ತರದ ಪಟ್ಟಿ ಇರುತ್ತೆ, ಟ್ರ್ಯಾಕಿನ ನೀರು ಹೊರಗೆ ಹೋಗೋ ಸಣ್ಣ ತೂತಿಗೆ ಎಲೆ ಮಣ್ಣು ಕಟ್ಕೊಂಡ್ರೆ ನೀರು ಸೀದಾ ಒಳಗೇ. ಕೇಸ್‌ಮೆಂಟಲ್ಲಿ ಹಿಡಿ ತಿರುಗಿಸಿದ್ರೆ ಶಟರ್ ಸುತ್ತಲಿನ ರಬ್ಬರ್‌ಗೆ ಒತ್ಕೊಂಡು ಕೂರುತ್ತೆ. ಮನೆಯೊಳಗೆ ಗಾಳಿನೂ ಜಾಸ್ತಿ ಬರುತ್ತೆ, ಎರಡು ಶಟರಿನ ಸ್ಲೈಡಿಂಗ್ ಯಾವತ್ತೂ ಅರ್ಧನೇ ತೆಗೆಯೋದು.

ಆದ್ರೆ ಒಂದು ವಿಷ್ಯ ಗಮನದಲ್ಲಿಡಿ, ಶಟರ್ ಹೊರಗೆ ತೆಗೆದ್ರೆ ಗ್ರಿಲ್, ಸೊಳ್ಳೆ ಮೆಶ್ ಎಲ್ಲಾ ಒಳಗಡೆ ಬರ್ಬೇಕು, ಆರ್ಡರ್ ಕೊಡೋ ಮುಂಚೆನೇ ಗೋಡೆ ದಪ್ಪದಲ್ಲಿ ಯಾವ್ದು ಎಲ್ಲಿ ಕೂರುತ್ತೆ ಅಂತ ಗುರುತು ಹಾಕಿಸ್ಕೊಳ್ಳಿ. ಫ್ರೇಮ್ ಒಳಗೆ ಸ್ಟೀಲ್ ಇದ್ಯಾ ಅಂತಾನೂ ಕೇಳಿ, ದೊಡ್ಡ ಕಿಟಕಿಗೆ ಅದು ಬೇಕೇ ಬೇಕು.

ಅಡುಗೆಮನೆ ಕಟ್ಟೆ ಮೇಲೆ ಬಗ್ಗಿ, ಹೊರಗೆ ತೆಗೆದ ಶಟರ್ ಎಳೆಯೋದು ಅಮ್ಮಂಗೆ ಕಷ್ಟ, ಅಲ್ಲಿ ಸ್ಲೈಡಿಂಗೇ, ಮೇಲೆ ಅಗಲ ಸಜ್ಜಾ ಇದೆ. ಜಗಲಿಗೆ ಅಪ್ಪಯ್ಯ ಹಠ ಹಿಡಿದು ಹಳೇ ಮನೆಯ ಹಲಸಿನ ಮರದ ಕಿಟಕಿನೇ ಇಡ್ಸಿದ್ರು. ಮರ ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುತ್ತೆ ನಿಜ, ಆದ್ರೆ ಅಲ್ಲಿ ಮಾಡು ಮುಂದಕ್ಕೆ ಇಳಿದಿರೋದ್ರಿಂದ ಎರಚಲು ತಾಕಲ್ಲ, ನಂಗೂ ಅವ್ರು ಹೇಳಿದ್ದೇ ಸರಿ ಅನ್ಸ್ತು.