ಸಹಾಯ ಬೇಕು: ಮಿಯಾಟಾವನ್ನು ಚಳಿಗಾಲಕ್ಕೆ ನಿಲ್ಲಿಸಬೇಕು

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ನನ್ನ ಹತ್ತಿರ 2003ರ ಮಜ್ದಾ ಮಿಯಾಟಾ ಕಾರು ಇದೆ, ಮಡಚುವ ಟಾಪ್‌ನದ್ದು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಮುಂಚೆ ನಿಲ್ಲಿಸಿಬಿಡಬೇಕು. ಮತ್ತೆ ಹೊರಗೆ ತೆಗೆಯುವುದು ಏಪ್ರಿಲ್‌ನಲ್ಲೇ.

ಹೋದ ವರ್ಷ ಸುಮ್ನೆ ಹೊದಿಕೆ ಹಾಕಿ ಬಿಟ್ಟಿದ್ದೆ. ಏಪ್ರಿಲ್‌ನಲ್ಲಿ ಏರ್ ಫಿಲ್ಟರ್ ಡಬ್ಬಿ ತೆರೆದರೆ ಒಳಗೆ ಇಲಿಯ ಗೂಡು! ಒಣ ಎಲೆ, ಹತ್ತಿ, ಸೂರ್ಯಕಾಂತಿ ಬೀಜದ ಸಿಪ್ಪೆ. ಫಿಲ್ಟರಿನ ಒಂದು ಮೂಲೆಯನ್ನೇ ಕಡಿದು ಹಾಕಿತ್ತು. ನೋಡಿ ಹೊಟ್ಟೆ ಉರಿಯಿತು. ಬ್ಯಾಟರಿಯೂ ಸತ್ತಿತ್ತು. ಬೇಸಿಗೆಯ ಸಂಜೆ ಟಾಪ್ ಇಳಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆ ಸುತ್ತಿ ಬರುವ ಕಾರು ಅದು.

ಈ ಸಲ ಎಂಜಿನ್ ಆಯಿಲ್ ಬದಲಿಸಿ, ಟ್ಯಾಂಕ್ ತುಂಬಿಸಿ, ಸ್ಟೆಬಿಲೈಜರ್ (ಪೆಟ್ರೋಲ್ ಕೆಡದಂತೆ ಇಡುವ ದ್ರವ) ಹಾಕಿ ಸ್ವಲ್ಪ ಓಡಿಸುತ್ತೇನೆ. ಟೈರಿಗೆ ಗಾಳಿ ಒಂಚೂರು ಜಾಸ್ತಿ. ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಮರದ ತುಂಡು ಕೊಡುತ್ತೇನೆ. ಟಾಪ್ ಚೆನ್ನಾಗಿ ತೊಳೆದು ಒಣಗಿಸಿ, ಮೇಲೆತ್ತಿಯೇ ಇಡುತ್ತೇನೆ. ಮಡಚಿಟ್ಟರೆ ಗೆರೆ ಬೀಳುತ್ತೆ ಅಲ್ವಾ?

ಗೊತ್ತಿಲ್ಲದ್ದು ಇಷ್ಟು. ಗ್ಯಾರೇಜಿನಲ್ಲಿ ಪ್ಲಗ್ ಇಲ್ಲ. ಇದರ ಬ್ಯಾಟರಿ ಡಿಕ್ಕಿಯಲ್ಲಿರುತ್ತದೆ. ಬಿಚ್ಚಿ ಮನೆಯೊಳಗೆ ತಂದು ಟ್ರಿಕಲ್ ಚಾರ್ಜರ್‌ಗೆ (ನಿಧಾನವಾಗಿ ಚಾರ್ಜ್ ಮಾಡುವಂಥದ್ದು) ಹಾಕಿದರೆ ಮಕ್ಕಳಿರುವ ಮನೆಗೆ ಅಪಾಯವಿಲ್ಲ ತಾನೇ? ಎಕ್ಸಾಸ್ಟ್ ಮತ್ತು ಗಾಳಿ ಒಳಹೋಗುವ ಬಾಯಿಗೆ ಸ್ಟೀಲ್ ವುಲ್ (ಉಕ್ಕಿನ ನಾರಿನ ಉಂಡೆ) ತುರುಕಿದರೆ ಇಲಿ ನಿಲ್ಲುತ್ತದೆಯೇ? ನುಸಿಗುಳಿಗೆ ಇಡಲು ಮನಸ್ಸಿಲ್ಲ, ಆ ವಾಸನೆ ಸೀಟಿನಿಂದ ಹೋಗುವುದೇ ಇಲ್ಲ. ಸೀಟಿನ ಹಿಂದೆ ಟಾಪ್‌ನ ನೀರು ಇಳಿಯುವ ತೂತುಗಳನ್ನು ಯಾವುದರಿಂದ ಶುಚಿ ಮಾಡುತ್ತೀರಿ?

ಚಳಿ ಊರಲ್ಲಿ ಕಾರು ನಿಲ್ಲಿಸಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಅಕ್ಟೋಬರ್ ಕೊನೆಯೊಳಗೆ ಕೆಲಸ ಮುಗಿಸಬೇಕು.