40 ಜನರ ರೈಡಲ್ಲಿ ಬಫ್ ಯಾರಿಗೆ ಬೀಳ್ತದೆ, ಯಾರಿಗೆ ತಪ್ತದೆ?

ಮಂಡ್ಯದಿಂದ ಕೇಳಿದವರು:
ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನೋ ಆನ್‌ಲೈನ್ ಆಟದಲ್ಲಿ ಲೆವೆಲ್ 60 ಪ್ರೀಸ್ಟ್ ನಾನು. ಈಗಷ್ಟೇ 40 ಜನರ ರೈಡಿಗೆ (ಒಟ್ಟಾಗಿ ಬಾಸ್ ಹೊಡೆಯೋ ದಂಡಿಗೆ) ಸೇರಿಸ್ಕೊಂಡವ್ರೆ. ಫಾರ್ಟಿಟ್ಯೂಡ್ ಅನ್ನೋ ಬಫ್ (ಸ್ವಲ್ಪ ಹೊತ್ತು ಜೀವಬಲ ಹೆಚ್ಚಿಸೋ ಮಂತ್ರ) ಹಾಕಕ್ಕೆ ಹೋದ್ರೆ ಒಬ್ಬನಿಗೆ ಎರಡೆರಡು ಸಲ ಬೀಳ್ತದೆ, ಪಕ್ಕದವನಿಗೆ ಬೀಳೋದೇ ಇಲ್ಲ. ಅಷ್ಟೊತ್ತಿಗೆ ಮನಾ (ಮಂತ್ರ ಹಾಕೋ ಶಕ್ತಿ) ಖಾಲಿ, ಬಾಸಿನ ಏಟು ತಿನ್ನೋ ಟ್ಯಾಂಕ್ ಮುಂದಕ್ಕೆ ನುಗ್ಗಿರ್ತಾನೆ. ನೀವೆಲ್ಲ ಹೆಂಗ್ ನಿಭಾಯಿಸ್ತೀರಿ, ವಸಿ ಹೇಳಿ.

ಸರಸ್ವತಿಪುರಂ ಪ್ರೀಸ್ಟ್:
ಪ್ರೇಯರ್ ಆಫ್ ಫಾರ್ಟಿಟ್ಯೂಡ್, ಅಂದ್ರೆ ಗುಂಪಿಗೆ ಹಾಕೋ ಫಾರ್ಟಿಟ್ಯೂಡ್, ಹಾಕುವಾಗ ನೀವು ಆಳನ್ನ ನೋಡ್ಬೇಡಿ, ಗುಂಪು ನೋಡಿ. ಮದುವೆ ಊಟದಲ್ಲಿ ಪಂಕ್ತಿ ಹಿಡಿದು ಬಡಿಸೋ ಹಾಗೆ, ಒಬ್ಬನ ಮೇಲೆ ಒತ್ತಿದ್ರೆ ಅವನಿರೋ ಐದು ಜನರ ಗುಂಪಿಗೂ ಬೀಳುತ್ತೆ. ನಿಮ್ಮ ರೈಡ್ ಫ್ರೇಮ್ (ಪರದೆ ಮೇಲಿರೋ ಎಲ್ಲರ ಪಟ್ಟಿ) ಕ್ಲಾಸ್ (ಪ್ರೀಸ್ಟ್, ವಾರಿಯರ್ ಥರದ ಪಾತ್ರ) ಪ್ರಕಾರ ಜೋಡಿಸಿದ್ರೆ ಅದೇ ಗೊಂದಲದ ಮೂಲ. ಗುಂಪಿನ ಪ್ರಕಾರ ಜೋಡಿಸಿ. ಎಂಟು ಗುಂಪು, ಎಂಟೇ ಒತ್ತು. ಪ್ರೀಸ್ಟ್‌ಗಳು ಇಬ್ಬರಿದ್ರೆ 1ರಿಂದ 4 ಒಬ್ಬರು, 5ರಿಂದ 8 ಇನ್ನೊಬ್ಬರು ಅಂತ ರೈಡ್ ಶುರುವಾಗೋ ಮುಂಚೆನೇ ಮಾತಾಡ್ಕೊಳ್ಳಿ. ಒತ್ತೋದು ಗುಂಪಿನ ಜೊತೆ ನಿಂತಿರೋನ ಮೇಲೆ. ಸತ್ತು ಸ್ಮಶಾನದಿಂದ ಓಡಿ ಬರ್ತಿರೋನ ಮೇಲಲ್ಲ.

ಮನಾ ಲೆಕ್ಕ: ಒಬ್ಬರಿಗೆ ಹಾಕೋ ಫಾರ್ಟಿಟ್ಯೂಡ್‌ಗೆ 1695, ಪ್ರೇಯರ್‌ಗೆ 3400. ಅಂದ್ರೆ ಗುಂಪಲ್ಲಿ ಒಬ್ಬಿಬ್ಬರಿಗೆ ಮಾತ್ರ ಇಲ್ಲದಿದ್ರೆ ಬಿಡಿಬಿಡಿಯಾಗಿ ಹಾಕಿ, ಪ್ರೇಯರ್‌ಗೊಂದು ಖರ್ಚಾಗೋ ಸೇಕ್ರೆಡ್ ಕ್ಯಾಂಡಲ್ ಉಳೀತು. ಮೂವರಿದ್ರೆ ಪ್ರೇಯರೇ ಲಾಭ. ಬಿಡಿಯಾಗಿ ಹಾಕಿದ್ದು ಅರ್ಧ ಗಂಟೆ, ಪ್ರೇಯರ್ ಒಂದು ಗಂಟೆ ಇರುತ್ತೆ, ಅದೂ ನೆನಪಿರಲಿ.

ಮದ್ದೂರು ಪ್ಯಾಲಡಿನ್:
ನಿಮ್ದು ಸುಖದ ಕೆಲಸ ಕಣಣ್ಣ. ನಮ್ ಕಡೆ ಬಂದು ನೋಡಿ. ನಮ್ ಬಫ್ ಗ್ರೇಟರ್ ಬ್ಲೆಸಿಂಗ್ ಗುಂಪಿಗೆ ಬೀಳಲ್ಲ, ಕ್ಲಾಸಿಗೆ ಬೀಳ್ತದೆ. ಒಬ್ಬ ವಾರಿಯರ್ ಮೇಲೆ ಸಾಲ್ವೇಷನ್ (ಬಾಸಿನ ಸಿಟ್ಟು ಸೆಳೆಯೋ ಥ್ರೆಟ್ ಇಳಿಸೋ ಬ್ಲೆಸಿಂಗ್) ಹಾಕಿದ್ರೆ ರೈಡಲ್ಲಿರೋ ವಾರಿಯರ್‌ಗಳಿಗೆಲ್ಲ ಹೋಯ್ತದೆ. ಹೊಡೆಯೋ ವಾರಿಯರ್‌ಗಳಿಗೆ ಅದು ಬೇಕೇ ಬೇಕು. ಆದ್ರೆ ಟ್ಯಾಂಕೂ ವಾರಿಯರ್ರೇ ಅಲ್ವಾ? ಅವನ ಥ್ರೆಟ್ 30% ಇಳಿದ್ರೆ ಬಾಸು ತಿರುಗಿ ಸೀದಾ ಮೇಜ್ (ಮಂತ್ರವಾದಿ) ತಲೆ ಮೇಲೆ. ಆಮೇಲೆ ಎಲ್ರೂ ಹೀಲರ್‌ಗೇ ಬಯ್ಯೋದು!

ಮಾಡೋದ್ ಹಿಂಗೆ. ಮೊದ್ಲು ಗ್ರೇಟರ್ ಸಾಲ್ವೇಷನ್, ಹಿಂದೆಯೇ ಅದೇ ಪ್ಯಾಲಡಿನ್ ಟ್ಯಾಂಕ್ ಒಬ್ಬನ ಮೇಲೆ ಬೇರೊಂದು ಬಿಡಿ ಬ್ಲೆಸಿಂಗ್ ಹಾಕ್ಬೇಕು. ಒಬ್ಬ ಪ್ಯಾಲಡಿನ್‌ದು ಒಬ್ಬನ ಮೇಲೆ ಒಂದೇ ಬ್ಲೆಸಿಂಗ್ ನಿಲ್ಲೋದ್ರಿಂದ ಹಳೇದು ತಾನೇ ಹೋಯ್ತದೆ. ತಲೆನೋವು ಏನಂದ್ರೆ ಗ್ರೇಟರ್ 15 ನಿಮಿಷ, ಬಿಡಿ 5 ನಿಮಿಷ. ಗ್ರೇಟರ್ ಹೊಸದಾಗಿ ಹಾಕಿದಾಗೆಲ್ಲ ಟ್ಯಾಂಕ್‌ಗೆ ಮತ್ತೆ ಸಾಲ್ವೇಷನ್ ಅಂಟ್ಕೊತದೆ. ಅದಕ್ಕೇ ಟ್ಯಾಂಕ್ ಕೈಲೂ ಒಂದು ಕ್ಯಾನ್ಸಲ್‌ಆರಾ ಮ್ಯಾಕ್ರೋ (ಒಂದೇ ಒತ್ತಿಗೆ ಬಫ್ ತೆಗೆಯೋ ಆಜ್ಞೆ) ಇಡ್ಸಿ. ಯಾವ ಕ್ಲಾಸ್ ಯಾರ ಪಾಲು ಅನ್ನೋದಕ್ಕೆ ಪ್ಯಾಲಿಪವರ್ ಆಡ್‌ಆನ್ (ಆಟಕ್ಕೆ ಸೇರಿಸ್ಕೊಳ್ಳೋ ಚಿಕ್ಕ ಪ್ರೋಗ್ರಾಂ) ಇದೆ, ಅದಿಲ್ದೆ ನಾನಂತೂ ರೈಡಿಗೆ ಕಾಲಿಡಲ್ಲ.

ಕುವೆಂಪುನಗರ ಶಾಮನ್:
ನಾನು ಹೋರ್ಡ್ (ಆಟದ ಎರಡು ಬಣಗಳಲ್ಲಿ ಒಂದು). ನಮಗೆ ಟಾರ್ಗೆಟ್ ಅನ್ನೋದೇ ಇಲ್ಲ. ವಿಂಡ್‌ಫ್ಯೂರಿ ಟೋಟೆಮ್ (ಹೆಚ್ಚುವರಿ ಏಟು ಕೊಡೋ ಮಂತ್ರದ ಕಂಬ) ನೆಟ್ಟರೆ ನನ್ನ ಗುಂಪಿನ ಐವರಿಗೆ, ಅದೂ ಹತ್ತಿರ ಇದ್ದವರಿಗೆ ಮಾತ್ರ. ಹಾಗಾಗಿ ನಮ್ಮ ಜಗಳ ಎಲ್ಲ ರೈಡ್ ಲೀಡರ್ ಜೊತೆ, ಗುಂಪು ಮಾಡೋವಾಗಲೇ. ಮೆಲೀ (ಹತ್ತಿರ ನಿಂತು ಹೊಡೆಯೋರ) ಗುಂಪಲ್ಲಿ ಶಾಮನ್ ಇಲ್ಲ ಅಂದ್ರೆ ಟೋಟೆಮ್ ದಂಡ.

ಸರಸ್ವತಿಪುರಂ ಪ್ರೀಸ್ಟ್:
ಇನ್ನೊಂದು ಮರೆತಿದ್ದೆ. ಮೌಸ್‌ಓವರ್ ಮ್ಯಾಕ್ರೋ ಮಾಡ್ಕೊಳ್ಳಿ. ಫ್ರೇಮ್ ಮೇಲೆ ಮೌಸ್ ಇಟ್ಟು ಕೀ ಒತ್ತಿದ್ರೆ ಸಾಕು, ಹಿಡಿದಿರೋ ಟಾರ್ಗೆಟ್ ಕೈ ತಪ್ಪಲ್ಲ. ಯಾರಿಗೆ ಬಫ್ ಇಲ್ಲ ಅಂತ ಆಡ್‌ಆನೇ ಹುಡುಕಿ ಹಾಕ್ಬಿಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. 2006ರ ಕೊನೆಗೆ ಬಂದ 2.0 ಪ್ಯಾಚ್ ಆ ದಾರಿ ಮುಚ್ಚಿದೆ, 2019ರಲ್ಲಿ ಬಂದ ಕ್ಲಾಸಿಕ್‌ಗೂ ಅದೇ ನಿಯಮ. ಆಡ್‌ಆನ್ ತೋರಿಸುತ್ತೆ, ಒತ್ತೋದು ನೀವೇ.

ಮಂಡ್ಯದಿಂದ ಕೇಳಿದವರು:
ಫ್ರೇಮ್ ಈಗ್ಲೇ ಬದಲಾಯಿಸ್ದೆ, ಗುಂಪು ಗುಂಪಾಗಿ ಕಾಣ್ತಾವೆ. ಆದ್ರೆ ನಮ್ದು ಯುರೋಪ್ ಸರ್ವರ್. ಅಲ್ಲಿ ರಾತ್ರಿ 8 ಅಂದ್ರೆ ಚಳಿಗಾಲದಲ್ಲಿ ನಮಗೆ ಹನ್ನೆರಡೂವರೆ. ಮನೇಲಿ ಎಲ್ರೂ ಮಲಗಿರ್ತಾರೆ, ಮೈಕಲ್ಲಿ ಮಾತಾಡಂಗಿಲ್ಲ.

ಮದ್ದೂರು ಪ್ಯಾಲಡಿನ್:
ಮಾತ್ಯಾಕೆ? ಪಾಲು ಹಂಚಿದ್ದನ್ನ ರೈಡ್ ಚಾಟಲ್ಲಿ ಬರ್ದಾಕಿ, ಒಂದು ಮ್ಯಾಕ್ರೋ ಮಾಡಿಟ್ಕೊಂಡು ಬಾಸ್ ಮುಂಚೆ ಒತ್ತಿ. ಕ್ಯಾಂಡಲ್ ಮಾತ್ರ ಆಟದ ಊರಲ್ಲೇ ತಗೊಂಡ್ ಹೋಗಿ. ಒಬ್ರೇ ಪ್ರೀಸ್ಟ್ ಆದ್ರೆ ಗಂಟೆಗೆ ಎಂಟು, ಮೂರು ಗಂಟೆ ರೈಡಿಗೆ 24, ಮಧ್ಯದಲ್ಲಿ ಎಲ್ರೂ ಸತ್ರೆ ಮತ್ತೆಂಟು.