ಪುಣೆಯಲ್ಲಿ ಘಟ್ಟ ಹತ್ತೋಕೆ ಹೊಸಬ: ಮೊದಲು ಸಿಂಹಗಡವಾ, ಬೋಪದೇವ್ ಘಾಟಾ?

ಬಾವಧನ್_ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ಪುಣೆಗೆ ಬಂದು ಎರಡು ವರ್ಷ, ಬಾವಧನ್‌ನಲ್ಲಿ ಮನೆ. ವಯಸ್ಸು 39. ದೀಪಾವಳಿ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಒಂದು ತಗೊಂಡೆ. ಗೇರಿನ ಹಲ್ಲು ಮುಂದೆ 50/34, ಹಿಂದೆ 11-28, ಟೈರ್ ಅಗಲ 25 ಮಿ.ಮೀ. ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್.

ಇಲ್ಲಿಯವರೆಗೆ ಪಾಷಾಣ್, ಸೂಸ್ ಕಡೆಯ ಸಣ್ಣ ದಿಬ್ಬಗಳು ಮತ್ತು ಪೌಡ್ ರಸ್ತೆಯಲ್ಲಿ ಭೂಗಾವ್ ಕೆರೆ ದಾಟಿ ಪಿರಂಗುಟ್ ಘಾಟ್‌ವರೆಗೆ ಹೋಗಿ ಬಂದಿದ್ದೇನೆ. 40 ಕಿಲೋಮೀಟರ್ ಈಗ ಕಷ್ಟ ಅನ್ನಿಸುತ್ತಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ನಿಂತರೆ ದೂರದಲ್ಲಿ ಸಿಂಹಗಡ ಕೋಟೆಯ ಟವರ್ ಕಾಣುತ್ತದೆ. ದಿನಾ ಬಟ್ಟೆ ಒಣಹಾಕುವಾಗ ಅದನ್ನೇ ನೋಡುತ್ತೇನೆ. ಮಳೆ ಶುರುವಾಗುವ ಮೊದಲು ಸೈಕಲ್‌ನಲ್ಲೇ ಅದರ ಬುಡಕ್ಕೆ ಹೋಗಿ ನಿಲ್ಲಬೇಕು ಅಂತ ಆಸೆ.

ನೇರವಾಗಿ ಸಿಂಹಗಡಕ್ಕೆ ಹೋಗಬಹುದಾ? ಅಥವಾ ಮೊದಲು ಬೋಪದೇವ್ ಮಾಡಿಕೊಳ್ಳಬೇಕಾ? ಗೇರ್ ಬದಲಿಸಬೇಕಾ? ಹಳಬರು ದಯವಿಟ್ಟು ಹೇಳಿ.

ಧಾಯರಿ_ಧಾರವಾಡ:
ನಮಸ್ಕಾರ. ನಾನು ಧಾಯರಿಯಲ್ಲಿ 22 ವರ್ಷದಿಂದ ಇದ್ದೇನೆ. ಸಿಂಹಗಡದ ರಸ್ತೆ ಮನೆ ಮುಂದೆಯೇ ಹಾದುಹೋಗುತ್ತದೆ ಅಂತಲೇ ಹೇಳಬಹುದು. ಎಷ್ಟು ಸಲ ಹತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ಹತ್ತೋದರ ಬಗ್ಗೆ ನೀವು ಕೇಳಿದ್ದೀರಿ. ಇಳಿಯೋದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಏರು. ಬುಡದ ಗೋಳೆವಾಡಿ ನಾಕಾದಿಂದ ಮೇಲಿನ ಪಾರ್ಕಿಂಗ್‌ವರೆಗೆ ಹತ್ತಿರ ಹತ್ತಿರ 9 ಕಿಲೋಮೀಟರ್. ಅಷ್ಟರಲ್ಲಿ 600 ಮೀಟರ್‌ನಷ್ಟು ಎತ್ತರ ಏರುತ್ತೀರಿ. ಅಂದರೆ ನೂರು ಮೀಟರ್ ಮುಂದೆ ಹೋದರೆ ಆರೇಳು ಮೀಟರ್ ಮೇಲೆ. ಇದು ಸರಾಸರಿ. ಕೆಲವು ತಿರುವಿನಲ್ಲಿ ಹತ್ತಕ್ಕೂ ಜಾಸ್ತಿ ಇದೆ, ಅಲ್ಲೇ ಕಾಲು ಕೈಕೊಡೋದು.

ನಿಮ್ಮ ಗೇರ್ ಲೆಕ್ಕ ಹಾಕೋಣ. ಮುಂದೆ 34, ಹಿಂದೆ 28 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು ಎರಡೂವರೆ ಮೀಟರ್ ಹೋಗುತ್ತದೆ. ಕಡಿದಾದ ಕಡೆ ನಿಮ್ಮ ವೇಗ ಗಂಟೆಗೆ 7 ಕಿಲೋಮೀಟರ್‌ಗೆ ಇಳಿದರೆ ನಿಮಿಷಕ್ಕೆ 46 ಸುತ್ತು ಮಾತ್ರ. ಅದು ತುಳಿಯೋದಲ್ಲ, ಗಾಣ ಎಳೆದ ಹಾಗೆ. ಭಾರ ಎಲ್ಲ ಮಂಡಿಗೆ. ಹಿಂದೆ 34 ಹಾಕಿಸಿದರೆ ಅದೇ ವೇಗಕ್ಕೆ 55ರ ಮೇಲೆ ಸುತ್ತು ಬರುತ್ತದೆ. ಆ ಹತ್ತು ಸುತ್ತು ಮಂಡಿ ಉಳಿಸುತ್ತದೆ. ಆದರೆ 34 ಹಲ್ಲಿನ ಕ್ಯಾಸೆಟ್‌ಗೆ (ಹಿಂದಿನ ಗೇರ್ ಚಕ್ರಗಳ ಗೊಂಚಲು) ಹಿಂದಿನ ಡಿರೇಲರ್‌ನ, ಅಂದರೆ ಗೇರ್ ಬದಲಿಸುವ ಭಾಗದ, ಕೇಜ್ (ಚೈನ್ ಹಿಡಿಯುವ ತೋಳು) ಉದ್ದ ಇರಬೇಕು, ಚೈನೂ ಉದ್ದ ಬೇಕಾಗುತ್ತದೆ. ಅಂಗಡಿಗೆ ಸೈಕಲ್ಲನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಫೋನಿನಲ್ಲಿ ಕೇಳಿ ಸಾಮಾನು ತರಬೇಡಿ. 39ನೇ ವಯಸ್ಸಿಗೆ ಅಭ್ಯಾಸ ಇದ್ದರೆ 28ರಲ್ಲೂ ಹತ್ತಬಹುದು. ಆದರೆ ಮಂಡಿ ಒಂದು ಸಲ ಹೋದರೆ ಮತ್ತೆ ಮೊದಲಿನ ಹಾಗೆ ಆಗಲ್ಲ.

ಈಗ ಇಳಿಜಾರು. 2019ರ ಜೂನ್. ಹಿಂದಿನ ರಾತ್ರಿ ವರ್ಷದ ಮೊದಲ ಮಳೆ ಬಿದ್ದಿತ್ತು, ಬೆಳಿಗ್ಗೆ ಬಿಸಿಲು. ಆರಾಮಾಗಿ ಹತ್ತಿದೆ, ಮೇಲೆ ಮಜ್ಜಿಗೆ ಕುಡಿದೆ. ಇಳಿಯುವಾಗ ರಸ್ತೆ ಒಣಗಿತ್ತು. ಒಂದು ಎಡ ತಿರುವಿನಲ್ಲಿ ಮಾತ್ರ ಮರದ ನೆರಳಿತ್ತು. ಗುಡ್ಡದಿಂದ ಹರಿದ ನೀರು ಒಳಬದಿಗೆ ಕೆಂಪು ಮಣ್ಣು ತಂದು ಹಾಸಿತ್ತು, ಮೇಲೆ ಸಾಸಿವೆ ಕಾಳಿನಂಥ ಸಣ್ಣ ಹರಳು. ಅದು ಕಣ್ಣಿಗೆ ಬಿದ್ದಾಗ ನಾನು ತಿರುವಿನ ನಡುವೆ ಇದ್ದೆ. ಬ್ರೇಕ್ ಹಿಡಿದೆ. ಮುಂದಿನ ಚಕ್ರ ಸರ್ರನೆ ಜಾರಿತು. ಕಾಲರ್ ಬೋನ್ ಮುರಿಯಿತು, ಆರು ವಾರ ಕೈ ಜೋಳಿಗೆಯಲ್ಲಿ. ಹಿಂದೆ ಬರುತ್ತಿದ್ದ ಹಾಲಿನ ಗಾಡಿಯವರು ನಿಲ್ಲಿಸಿ, ಸೈಕಲ್ಲನ್ನೂ ನನ್ನನ್ನೂ ಕ್ಯಾನುಗಳ ನಡುವೆ ಹತ್ತಿಸಿಕೊಂಡು ದೋಣಜೆವರೆಗೆ ತಂದುಬಿಟ್ಟರು. ಅವರ ಹೆಸರೂ ಕೇಳಲಿಲ್ಲ ಅನ್ನೋದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಬ್ರೇಕ್ ಹಿಡಿಯಬೇಕಾಗಿದ್ದು ತಿರುವಿಗೆ ಮುಂಚೆ, ಸೈಕಲ್ ನೆಟ್ಟಗೆ ಇರುವಾಗ. ತಿರುವಿನೊಳಗೆ ಬರೀ ಉರುಳೋದು. ಕೈ ಕೆಳಗಿನ ಬಾಗಿದ ಹಿಡಿಯಲ್ಲಿ ಇರಲಿ, ಅಲ್ಲಿ ಲಿವರ್ ಮೇಲೆ ಬಲ ಚೆನ್ನಾಗಿ ಸಿಗುತ್ತದೆ. ಹೊರಗಿನ ಕಾಲು ಕೆಳಗೆ, ಭಾರ ಅದರ ಮೇಲೆ. ಕಣ್ಣು ಚಕ್ರದ ಮುಂದೆ ಬೇಡ, ತಿರುವು ಮುಗಿಯುವ ಕಡೆ ಇರಲಿ. ನಿಮ್ಮದು ರಿಮ್ ಬ್ರೇಕ್, ಹಾಗಾಗಿ 9 ಕಿಲೋಮೀಟರ್ ಉದ್ದಕ್ಕೂ ಒತ್ತಿಯೇ ಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಗಟ್ಟಿಯಾಗಿ ಹಿಡಿದು ಬಿಡಿ, ಮತ್ತೆ ಹಿಡಿದು ಬಿಡಿ. ಇನ್ನೊಂದು ಮಾತು: ಭಾನುವಾರ ಎಂಟರ ನಂತರ ಮೇಲೆ ಬರುವ ಕಾರುಗಳು ತಿರುವಿನಲ್ಲಿ ನಿಮ್ಮ ಬದಿಗೇ ಬರುತ್ತವೆ. ಮಂಗಗಳೂ ಇವೆ. ಏಳೂವರೆಗೆ ನೀವು ಮೇಲಿರಬೇಕು.

ಇದನ್ನೆಲ್ಲ ಕಲಿಯೋಕೆ ಬೋಪದೇವ್ ಒಳ್ಳೆಯದು. ಏರು ಚಿಕ್ಕದು, ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಎರಡು ಸಲ ಇಳಿಯಬಹುದು. ಆದರೆ ಬಾವಧನ್‌ನಿಂದ ಅಲ್ಲಿಗೆ ಹೈವೇ ಹಿಡಿಯಲೇಬೇಡಿ. ಬೋರ್ಡ್ ಮೇಲೆ ಬೆಂಗಳೂರು ಅಂತ ನೋಡಿದಾಗ ನಮಗೆಲ್ಲ ಖುಷಿ ಆಗುತ್ತದೆ, ನಿಜ. ಆದರೆ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರಿನಲ್ಲಿ ಲಾರಿಗಳ ಬ್ರೇಕ್ ನಿಲ್ಲದೆ ಆದ ಅಪಘಾತಗಳು ಒಂದೆರಡಲ್ಲ. ಊರೊಳಗಿಂದ, ಸ್ವಾರ್‌ಗೇಟ್ ಮೇಲೆ ಹೋಗಿ. ಬೆಳಗಿನ ಜಾವ ಖಾಲಿ ಇರುತ್ತದೆ.

ಬರೀ ಕಾಲು ಗಟ್ಟಿ ಮಾಡಿಕೊಳ್ಳೋಕೆ ಖಡಕ್‌ವಾಸ್ಲಾ ದಾಟಿ ದೋಣಜೆ, ಖಾನಾಪುರ, ಪಾನ್‌ಶೇತ್ ರಸ್ತೆ ಇದೆ. ಒಂದು ಬದಿ ಹಿನ್ನೀರು, ಇನ್ನೊಂದು ಬದಿ ಗುಡ್ಡ, ಸಣ್ಣ ಸಣ್ಣ ಏರಿಳಿತ. 1961ರ ಜುಲೈ 12ರಂದು ಒಡೆದು ಪುಣೆಯನ್ನೇ ಮುಳುಗಿಸಿದ ಅಣೆಕಟ್ಟು ಅದೇ ಪಾನ್‌ಶೇತ್. ಈಗ ಆ ನೀರಿನ ಪಕ್ಕದಲ್ಲಿ ಬೆಳಗಿನ ಏಳಕ್ಕೆ ಒಬ್ಬರೇ ಹೋಗುತ್ತಿದ್ದರೆ ಚೈನಿನ ಸದ್ದು ಬಿಟ್ಟು ಬೇರೇನೂ ಕೇಳಿಸಲ್ಲ.

ಕೊಂಢ್ವಾ_ಕನ್ನಡತಿ:
ಧಾಯರಿ ಸರ್ ಹೇಳಿದ್ದು ಪೂರ್ತಿ ಸರಿ. ಬೋಪದೇವ್ ನನ್ನ ದಿನದ ರಸ್ತೆ, ಹಾಗಾಗಿ ಎರಡು ಮಾತು.

ಕಷ್ಟ ಘಾಟ್‌ನಲ್ಲಲ್ಲ, ಅದಕ್ಕೆ ಮುಂಚೆ ಸಿಗುವ ಯೇವಲೇವಾಡಿಯಲ್ಲಿ. ಸಿಮೆಂಟ್ ಮಿಕ್ಸರ್ ಲಾರಿಗಳು ಚೆಲ್ಲಿದ ಜಲ್ಲಿ ರಸ್ತೆ ಅಂಚಿನಲ್ಲೇ ಇರುತ್ತದೆ. ಹೋದ ತಿಂಗಳು ಅಲ್ಲೇ ನನಗೆ ಎರಡು ಪಂಕ್ಚರ್. ಹಾಗಾಗಿ ಟ್ಯೂಬ್ ಎರಡು ಇಟ್ಟುಕೊಳ್ಳಿ. ಕತ್ತಲಲ್ಲಿ ಒಬ್ಬರೇ ಘಾಟ್ ಹತ್ತಬೇಡಿ, ಗಂಡಸರಾದರೂ ಸರಿ. ಬೆಳಕು ಹರಿಯುವವರೆಗೆ ಕೆಳಗೆ ಚಹಾ ಕುಡಿಯುತ್ತಾ ಕಾಯಿರಿ, ಯಾರಾದರೂ ಜೊತೆ ಸಿಗುತ್ತಾರೆ.

ಮೇಲೆ ಹತ್ತಿದ ಮೇಲೆ ವಾಪಸ್ ತಿರುಗಬೇಡಿ ಮಾತ್ರ. ಭಿವರಿ, ಚಾಂಬಳಿ ಮೇಲೆ ಸಾಸ್ವಡ್‌ವರೆಗೆ ಹೋಗಿ. ಊರಿನ ಗದ್ದಲ ಒಮ್ಮೆಲೇ ನಿಂತುಹೋಗುತ್ತದೆ. ಅಂಜೂರ, ಸೀತಾಫಲದ ತೋಟಗಳು, ಎದುರಿಗೆ ಪುರಂದರ ಕೋಟೆ. ಈಗ ಅಂಜೂರದ ಕಾಲ. ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಮೆತ್ತಗಾದದ್ದನ್ನು ಅಲ್ಲೇ ತಿನ್ನಿ, ಜೆರ್ಸಿ ಜೇಬಿಗೆ ಹಾಕಿಕೊಂಡರೆ ಮನೆಗೆ ಬರೋದು ಜಾಮ್.

ಬರುವಾಗ ದಿವೆ ಘಾಟ್ ಇಳಿಯೋ ಆಸೆ ಬೇಡ. ಮಸ್ತಾನಿ ಕೆರೆ ಮೇಲಿಂದ ಚೆನ್ನಾಗಿ ಕಾಣುತ್ತದೆ, ಆದರೆ ವಾಹನ ತುಂಬಾ ಜಾಸ್ತಿ. ಹೋದ ದಾರಿಯಲ್ಲೇ ಬನ್ನಿ.

ಹಾವೇರಿಯವ:
ಸಾಸ್ವಡ್‌ವರೆಗೆ ಹೋಗುವವರು ಇನ್ನು 17 ಕಿಲೋಮೀಟರ್ ಹೋದರೆ ಜೇಜುರಿ. ನಮ್ಮ ಮೈಲಾರಲಿಂಗನೇ ಇಲ್ಲಿ ಖಂಡೋಬ. ನಮ್ಮ ಕಡೆ ಏಳುಕೋಟಿ ಏಳುಕೋಟಿಗೋ ಅಂತಾರೆ, ಇಲ್ಲಿ ಯಳಕೋಟ ಯಳಕೋಟ ಜಯ ಮಲ್ಹಾರ. ಮೊದಲ ಸಲ ಸೈಕಲ್ ಹಿಡಿದು ಕೆಳಗೆ ನಿಂತು ಅದನ್ನು ಕೇಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಮೆಟ್ಟಿಲೆಲ್ಲ ಭಂಡಾರದಿಂದ ಹಳದಿ. ಪೆಡಲ್‌ಗೆ ಸಿಕ್ಕಿಕೊಳ್ಳುವ ಕ್ಲೀಟ್ ಶೂನಲ್ಲಿ ನಡೆಯೋಕೆ ಆಗಲ್ಲ. ತೆಳು ಚಪ್ಪಲಿ ಒಂದು ಜೊತೆ ಬೆನ್ನಿನ ಜೇಬಿನಲ್ಲಿ ಇರಲಿ.

ಬಾವಧನ್_ಶಿವಮೊಗ್ಗ:
ಮೂರು ವಾರ ಆಯಿತು, ಬಂದು ಹೇಳಲೇಬೇಕು ಅನ್ನಿಸಿತು.

ಎರಡು ಭಾನುವಾರ ಬೋಪದೇವ್ ಮಾಡಿದೆ. ಮೊದಲ ಸಲ ಇಳಿಯುವಾಗ ಕೈ ಎಷ್ಟು ಬಿಗಿ ಹಿಡಿದಿದ್ದೆ ಅಂದರೆ ಕೆಳಗೆ ಬಂದ ಮೇಲೆ ಬಾಟಲಿ ಮುಚ್ಚಳ ತೆಗೆಯೋಕೆ ಆಗಲಿಲ್ಲ. ಎರಡನೇ ವಾರ ತಿರುವಿಗೆ ಮುಂಚೆ ಬ್ರೇಕ್, ಒಳಗೆ ಬಿಡೋದು, ಇಷ್ಟನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಇಳಿದೆ. ವ್ಯತ್ಯಾಸ ಗೊತ್ತಾಯಿತು.

ನಿನ್ನೆ ಸಿಂಹಗಡ. ಅಂಗಡಿಯವರು ಡಿರೇಲರ್ ನೋಡಿ 32 ಹಾಕಬಹುದು, 34 ಬೇಡ ಅಂದರು, 32 ಹಾಕಿಸಿದೆ. ಗೋಳೆವಾಡಿಯಿಂದ 1 ಗಂಟೆ 12 ನಿಮಿಷ. ಎರಡು ಕಡೆ ಕಾಲು ಕೆಳಗಿಟ್ಟೆ. ಮೇಲೆ ಒಬ್ಬ ಅಜ್ಜಿ ಪಿಠಲ, ಭಾಕರಿ ಕೊಟ್ಟರು. ಒಂದು ತುತ್ತು ಬಾಯಿಗಿಟ್ಟಾಗ ಧಾರವಾಡದ ಝುಣಕ-ರೊಟ್ಟಿಯೇ ಅನ್ನಿಸಿತು, ಧಾಯರಿ ಸರ್, ನಿಮ್ಮ ನೆನಪಾಯಿತು. ಮಣ್ಣಿನ ಕುಡಿಕೆಯ ಮೊಸರು ಎರಡು ತಿಂದೆ.

ಇಳಿಯುವಾಗ ಮರದ ನೆರಳಿನ ಒಂದು ಎಡ ತಿರುವು ಬಂತು. ಅದು ನೀವು ಬಿದ್ದ ಜಾಗವೋ ಅಲ್ಲವೋ ಗೊತ್ತಿಲ್ಲ. ಒಣಗಿತ್ತು, ಮಣ್ಣೂ ಇರಲಿಲ್ಲ. ಆದರೂ ನಡೆಯುವವರ ವೇಗಕ್ಕೆ ಇಳಿಸಿ ದಾಟಿದೆ.

ಸಂಜೆ ಟೆರೇಸ್ ಮೇಲೆ ಹೋಗಿ ಟವರ್ ತೋರಿಸಿ ಮಗಳಿಗೆ ಹೇಳಿದೆ. ಅವಳು ನಂಬಲಿಲ್ಲ, ಫೋಟೋ ತೋರಿಸಿದೆ. ಮುಂದಿನ ಭಾನುವಾರ ಜೇಜುರಿಗೆ ಹೋಗಬೇಕು ಅಂತಿದ್ದೇನೆ. ಯಾರಾದರೂ ಬರುತ್ತೀರಾ?

ಕೊಂಢ್ವಾ_ಕನ್ನಡತಿ:
ನಾನು ಬರುತ್ತೇನೆ. ಆರೂಕಾಲಿಗೆ ಯೇವಲೇವಾಡಿಯ ಚಹಾ ಅಂಗಡಿ.

ಧಾಯರಿ_ಧಾರವಾಡ:
ನಾನೂ ಇರುತ್ತೇನೆ. ಹಿಂದಿನ ಕೆಂಪು ದೀಪ ಚಾರ್ಜ್ ಮಾಡಿಕೊಂಡು ಬನ್ನಿ. ಹಾವೇರಿಯವರೇ, ನೀವೂ ಬನ್ನಿ, ಚಪ್ಪಲಿ ಸಮೇತ.